ಗೋಡೆಯಾಚೆಯ ಹಡಗು

ದಕ್ಷಿಣ ಧ್ರುವದ ಹತ್ತಿರ ಒಂದು ತಿಮಿಂಗಿಲಕ್ಕೆ ಹಲ್ಲುನೋವು ಬಂದಾಗ ಅದು ಬೇರೆ ಯಾರ ಬಳಿಗೂ ಹೋಗಲಿಲ್ಲ. ದರ್ಜಿ ಮಾಸ್ಟರ ಮಗಳಿದ್ದ ಹಡಗನ್ನೇ ಹುಡುಕಿಕೊಂಡು ಬಂತು. ಮಗಳು ಹಗ್ಗದ ಏಣಿ ಇಳಿಬಿಟ್ಟಳು, ಟಾರ್ಚು ಹಿಡಿದು ಅದರ ಬಾಯೊಳಗೆ ನಡೆದುಹೋದಳು, ಒಂದೊಂದೇ ಹಲ್ಲನ್ನು ತಟ್ಟಿ ನೋಡಿ ಹುಳುಕನ್ನು ಪತ್ತೆಹಚ್ಚಿದಳು. ಆಮೇಲೆ ಅಪ್ಪನಿಂದ ಕಲಿತ ಗಂಟು ಹಾಕಿ ಒಂದೇ ಎಳೆತಕ್ಕೆ ಕಿತ್ತಳು. ತಿಮಿಂಗಿಲ ಬಾಲ ಬಡಿದು ಥ್ಯಾಂಕ್ಸ್ ಹೇಳಿತು. ಆ ಬಡಿತಕ್ಕೆ ಎದ್ದ ಅಲೆ ಎಂಥದ್ದೆಂದರೆ, ಇಲ್ಲಿ ಅಂಗಡಿಯಲ್ಲಿ ಮಾಸ್ಟರ ಟೀ ಲೋಟ ತುಳುಕಿ ಗಿರಾಕಿಯ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಿಹೋಯಿತು.

ಪ್ಯಾಂಟಿನ ಯಜಮಾನ ಕೇಳಿದ್ದು ಇಷ್ಟೇ: "ಮಾಸ್ಟರೇ, ಇದೇನು ಕಲೆ?"

ಮಾಸ್ಟರ ಈ ಉತ್ತರವನ್ನು ಅಂಗಡಿಯ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರೂ ನಂಬಲಿಲ್ಲ, ಒಬ್ಬರೂ ಎದ್ದು ಹೋಗಲಿಲ್ಲ. ಎದುರಿಗೆ ದರ್ಜಿಯನ್ನು ಎಲ್ಲರೂ ಮಾಸ್ಟರು ಎನ್ನುತ್ತಿದ್ದರು. ಬೆನ್ನ ಹಿಂದೆ ಸ್ಟೇಷನ್ ಮಾಸ್ಟರು. ದಿನಕ್ಕೆ ಅಷ್ಟೊಂದು ರೈಲು ಬಿಡುವವರಿಗೆ ಇನ್ನೇನು ಹೆಸರಿಡುವುದು? ಅವರು ಹೊಲಿದ ಕೋಟು ತೊಟ್ಟರೆ ಗೂನು ಬೆನ್ನು ನೆಟ್ಟಗಾಗುತ್ತಿತ್ತು, ಅವರು ಇಟ್ಟ ಕಾಜಾದಿಂದ ಗುಂಡಿ ತಾನಾಗಿ ಬಿಚ್ಚಿದ ದಾಖಲೆ ಜಗತ್ತಿನಲ್ಲೇ ಇರಲಿಲ್ಲ, ಅವರು ಟೇಪು ಇಲ್ಲದೆ ಬೀದಿಯ ಆಚೆ ಬದಿಯಲ್ಲಿ ಹೋಗುವವರ ಸೊಂಟ ಅಳೆಯಬಲ್ಲವರಾಗಿದ್ದರು. ಎಲ್ಲವೂ ರೈಲೇ. ಆದರೆ ಕೆಲವು ವರ್ಷಗಳಿಂದ ರೈಲು ಕಡಿಮೆಯಾಗಿ ಹಡಗು ಶುರುವಾಗಿತ್ತು. "ನೆಲದ ಮೇಲೆ ಹಳಿ ಸಾಲದೆ ಹೋಯ್ತೇನೋ, ನೀರಿಗಿಳಿದಿದ್ದಾರೆ" ಎಂದು ಬೆಂಚು ನಗುತ್ತಿತ್ತು.

ಅಂಗಡಿಯ ಹಿಂಗೋಡೆ ಇಟ್ಟಿಗೆಯದಲ್ಲ, ಹಲಗೆಯದು. ಒಂದು ಕಾಲದಲ್ಲಿ ದೊಡ್ಡದೊಂದು ಕೋಣೆಯನ್ನು ಎರಡು ಮಾಡಿ ಮುಂದಿನದನ್ನು ಅಂಗಡಿ, ಹಿಂದಿನದನ್ನು ಮಲಗುವ ಕೋಣೆ ಮಾಡಿಕೊಂಡಿದ್ದರು. ಹಲಗೆಯ ಮೇಲೆ ಬಟ್ಟೆ ಕಂಪನಿಗಳ ಕ್ಯಾಲೆಂಡರು ತೂಗುಹಾಕಿದ್ದರಿಂದ ಅದು ಗೋಡೆಯ ಹಾಗೆ ಕಾಣುತ್ತಿತ್ತು. ಆ ಹಲಗೆಯ ಆಚೆ, ಚಾಚಿದರೆ ಕೈಗೆಟಕುವಷ್ಟು ಹತ್ತಿರದಲ್ಲಿ, ದಕ್ಷಿಣ ಧ್ರುವ ಇತ್ತು. ಅಲ್ಲಿ ಮಾಸ್ಟರ ಮಗಳು ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ನಾಲ್ಕು ವರ್ಷ ದಾಟಿತ್ತು. ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು, ಒಂದು ಸೋಮವಾರ ತಲೆನೋವು ಎಂದು ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಗೆಳತಿಯರ ಫೋನು ಎತ್ತುವುದು ನಿಂತಿತು, ಆಮೇಲೆ ಊಟಕ್ಕೆ ಅಡುಗೆಮನೆಗೆ ಬರುವುದು ನಿಂತಿತು, ಆಮೇಲೆ ಬಾಗಿಲ ಚಿಲಕ ಒಳಗಿನಿಂದ ಬಿತ್ತು. ಅಮ್ಮ ಬಾಗಿಲ ಬಳಿ ತಟ್ಟೆ ಇಡುತ್ತಿದ್ದಳು, ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಅಲ್ಲಿರುತ್ತಿತ್ತು. ಸ್ನಾನ, ಓಡಾಟ ಏನಿದ್ದರೂ ಅಪ್ಪ ಅಮ್ಮ ಮಲಗಿದ ಮೇಲೆ. ಮಗಳ ಮುಖ ಹೇಗಿದೆ ಎನ್ನುವುದು ತಂದೆತಾಯಿಗೆ ಹಳೆಯ ಫೋಟೋದಲ್ಲಿ ಮಾತ್ರ ಗೊತ್ತಿತ್ತು.

ಮೊದಲ ಸುಳ್ಳು ತೀರಾ ಚಿಕ್ಕದು, ಗುಂಡಿಯಷ್ಟು. "ಮಗಳು ಕಾಣ್ತಾನೇ ಇಲ್ವಲ್ಲ?" ಎಂದು ಯಾರೋ ಕೇಳಿದರು. "ಊರಲ್ಲಿಲ್ಲ" ಎಂದರು ಮಾಸ್ಟರು. ಎಲ್ಲಿದ್ದಾಳೆ? ಕೆಲಸ. ಎಲ್ಲಿ ಕೆಲಸ? ಫೋನು ಮಾಡಿದರೆ ಸಿಗದ, ಯಾರೂ ಹೋಗಿ ನೋಡಲಾಗದ ಜಾಗ ಯಾವುದಿದೆ? "ಹಡಗಲ್ಲಿ" ಎಂದುಬಿಟ್ಟರು. ಗುಂಡಿ ಹೊಲಿದ ಮೇಲೆ ಅದಕ್ಕೊಂದು ಅಂಗಿ ಬೇಕಲ್ಲ. ವರ್ಷ ಕಳೆಯುವಷ್ಟರಲ್ಲಿ ಅದು ಅಂಗಿಯಾಗಿ, ಕೋಟಾಗಿ, ಕ್ಯಾಪ್ಟನ್ನನ ಟೋಪಿಯೂ ಆಗಿ, ತಿಮಿಂಗಿಲದ ಬಾಯೊಳಗೂ ಹೊಕ್ಕು ಬಂತು.

ಕೌನ್ಸೆಲರ್ ಮೇಡಂ ಆ ಮನೆಗೆ ಬಂದದ್ದು ಮಾಸ್ಟರ ಹೆಂಡತಿಯ ಹಟದಿಂದ. ಆಸ್ಪತ್ರೆಗೆ ಒಬ್ಬಳೇ ಹೋಗಿ, ಮನೆಮನೆಗೆ ಬಂದು ಮಾತಾಡುವವರೊಬ್ಬರಿದ್ದಾರೆ ಎಂದು ತಿಳಿದುಕೊಂಡು, ಗಂಡನಿಗೆ ಹೇಳದೆ ಕರೆಸಿದ್ದಳು. ಅಂಗಡಿಯ ಮುಂದೆ ನಿಂತ ಹೆಂಗಸನ್ನು ಕಂಡು ಮಾಸ್ಟರು ಟೇಪು ಎತ್ತಿಕೊಂಡು, "ಕೋಟಾ ಮೇಡಂ?" ಎಂದರು.

"ಇಲ್ಲ ಮಾಸ್ಟರೇ. ಮಾತಾಡೋಕೆ ಬಂದೆ."

"ಮಾತಿಗೆ ನಮ್ಮಲ್ಲಿ ಬರವೇ ಇಲ್ಲ, ಕೂತ್ಕೊಳ್ಳಿ" ಎಂದರು ಮಾಸ್ಟರು. ಒಳಗಿನಿಂದ ಹೆಂಡತಿ, "ರೀ, ಅವರು ನಿಮ್ಮ ಮಾತು ಕೇಳೋಕೆ ಬಂದಿರೋದಲ್ಲ" ಎಂದಳು. ಅದು ಮಾತ್ರ ತಪ್ಪು. ಮೇಡಂ ಬಂದಿದ್ದು ಎಲ್ಲರ ಮಾತು ಕೇಳುವುದಕ್ಕೇ. ಅಂಥ ಕೇಳುವಿಕೆಯನ್ನು ಮಾಸ್ಟರು ಹುಟ್ಟಿದ ಮೇಲೆ ಕಂಡಿರಲಿಲ್ಲ. ಕಿವಿಗೆ ಬಿದ್ದ ಒಂದು ಮಾತನ್ನೂ ನೆಲಕ್ಕೆ ಬೀಳಗೊಡದ ಹೆಂಗಸು.

ಅಡುಗೆಮನೆಯ ಮೇಜಿನ ಮುಂದೆ ಕೂತು ಮಾಸ್ಟರು ನೇರವಾಗಿ ವಿಷಯಕ್ಕೆ ಬಂದರು. "ಒಂದು ಉಪಾಯ ಹೇಳ್ಬಿಡಿ. ಬಾಗಿಲು ಒಡೀಲಾ? ಒಂದು ಒದೆತಕ್ಕೆ ಒಡೀತೀನಿ, ಈ ಕಾಲಲ್ಲಿ ಮೆಷಿನ್ ತುಳಿದು ತುಳಿದು ಆನೆ ಬಲ ಬಂದಿದೆ."

"ಒಡೆದ್ರೆ ಏನಾಗ್ಬಹುದು ಅನ್ಸುತ್ತೆ?"

ಮಾಸ್ಟರು, ಬೇಡವೆಂದುಕೊಂಡರೂ, ಕೋಟಿನ ವಿಷಯ ಹೇಳಿದರು. ಹೋದ ಚಳಿಗಾಲದಲ್ಲಿ ಮಗಳಿಗೆಂದು ಒಂದು ಕೋಟು ಹೊಲಿದಿದ್ದರು. ನೀಲಿ ಉಣ್ಣೆ, ರೇಷ್ಮೆಯ ಲೈನಿಂಗು, ಅಂಥ ಕೋಟು ರಾಣಿಯರಿಗೂ ಇಲ್ಲ. ಬಾಗಿಲ ಹಿಡಿಗೆ ತೂಗುಹಾಕಿ, "ಪುಟ್ಟಿ, ಹಾಕ್ಕೊಂಡು ಬಾ, ಇವತ್ತು ಇಬ್ರೂ ಹೊರಗೆ ಹೋಗಿಬರೋಣ" ಎಂದು ಕೂಗಿ, ಬೆಳಗ್ಗೆಯಿಂದ ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬಾಗಿಲು ತೆರೆಯಲಿಲ್ಲ. ಆ ದಿನದ ತಟ್ಟೆ ಮುಟ್ಟಿದ ಗುರುತಿರಲಿಲ್ಲ, ಮರುದಿನದ್ದೂ ಇರಲಿಲ್ಲ.

"ಅಳತೆ ಹಳೇದು" ಎಂದರು ಮಾಸ್ಟರು, ಮೇಜಿನ ಅಂಚನ್ನು ಬೆರಳಿಂದ ಉಜ್ಜುತ್ತ. "ಕೆಲಸಕ್ಕೆ ಹೋಗ್ತಿದ್ದಾಗಿನ ಅಳತೆ. ಈಗ ಹೇಗಿದ್ದಾಳೋ."

"ಹೇಗಿದ್ದಾಳೆ ಅಂತ ಗೊತ್ತಿಲ್ಲದೇ ಹೊಲಿದ್ರಿ."

"ಹ್ಞೂಂ. ಹೊಸ ಹುಡುಗರಿಗೆ ನಾನೇ ಬೈತೀನಿ. ಸೂಜಿ ಕೆಳಗಿರೋ ಮೆಷಿನ್ ಹಲ್ಲು ಬಟ್ಟೇನ ತಾನೇ ಮುಂದೆ ತಗೊಂಡು ಹೋಗುತ್ತೆ ಕಣೋ, ನೀನು ಕೈ ಇಟ್ಟಿದ್ರೆ ಸಾಕು, ಎಳೀಬೇಡ ಅಂತ. ಎಳೆದ್ರೆ ಸೂಜಿ ಮುರಿಯುತ್ತೆ."

"ಎಳೆದ್ರೆ ಸೂಜಿ ಮುರಿಯುತ್ತೆ" ಎಂದರು ಮೇಡಂ.

ಮಾಸ್ಟರಿಗೆ ರೇಗಿತು. "ನಾನು ಹೇಳಿದ್ದನ್ನೇ ತಿರುಗಿಸಿ ನನಗೇ ಹೇಳೋದನ್ನ ನಿಮಗೆ ಕಾಲೇಜಲ್ಲಿ ಕಲಿಸಿದ್ರಾ?"

"ಹೌದು" ಎಂದರು ಮೇಡಂ, ನಗದೆ. "ಎರಡು ವರ್ಷ ಹಿಡೀತು."

ಮೇಡಂ ವಾರಕ್ಕೊಮ್ಮೆ ಬರತೊಡಗಿದರು. ಮಗಳ ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಮೊದಲು ಕೇಳುತ್ತಿದ್ದುದು ಒಂದೇ: "ಇವತ್ತು ಸ್ವಲ್ಪ ಹೊತ್ತು ಇಲ್ಲಿ ಕೂರಬಹುದಾ? ಬೇಡ ಅಂದ್ರೆ ಹೋಗ್ತೀನಿ." ಮೊದಲ ಸಲ ಒಳಗಿನಿಂದ ಬಂದದ್ದು, "ಬೇಡ." ಮೇಡಂ ಎದ್ದು ಹೋಗಿಯೇಬಿಟ್ಟರು! ಮಾಸ್ಟರಿಗೆ ಸಿಡಿಲು ಬಡಿದಂತಾಯಿತು. ಬಸ್‌ಸ್ಟಾಪಿನ ತನಕ ಹಿಂದೆ ಓಡಿ, "ಬೇಡ ಅಂದ್ರೆ ಎದ್ದು ಬರೋದಾ? ಸಂತೆಯಲ್ಲಿ ಚೌಕಾಶಿ ಮಾಡೋರೂ ಮೂರು ಸಲ ಕೇಳ್ತಾರೆ" ಎಂದರು. "ಬೇಡ ಅಂದಿದ್ದಕ್ಕೆ ಎದ್ದುಹೋದವರು ನಾಲ್ಕು ವರ್ಷದಲ್ಲಿ ನಾನೇ ಮೊದಲಿರಬಹುದು ಮಾಸ್ಟರೇ" ಎಂದರು ಅವರು. ಮುಂದಿನ ವಾರ ಅದೇ ಪ್ರಶ್ನೆಗೆ ಒಳಗಿನಿಂದ ಬಂದದ್ದು, "ಕೂತ್ಕೊಳ್ಳಿ. ಆದ್ರೆ ನಾನು ಬರಲ್ಲ."

"ನೀವು ಬರಲ್ಲ. ಸರಿ" ಎಂದರು ಮೇಡಂ, ಕೂತರು.

ಆ ಹೊತ್ತಿಗೆ ಮಾಸ್ಟರು ಅಂಗಡಿಯಲ್ಲಿ ಹಲಗೆಗೆ ಕಿವಿ ಹಚ್ಚಿದ್ದರು. ಕದ್ದು ಕೇಳುತ್ತಿರುವುದು ಗೊತ್ತಾಗಬಾರದೆಂದು ಒಂದು ಕಾಲಲ್ಲಿ ಮೆಷಿನ್ ತುಳಿಯುತ್ತಲೇ ಇದ್ದರು. ಸೂಜಿಯ ಕೆಳಗೆ ಬಟ್ಟೆಯೂ ಇರಲಿಲ್ಲ, ದಾರವೂ ಇರಲಿಲ್ಲ. ಆ ಕೆಲವು ವಾರಗಳಲ್ಲಿ ಮಾಸ್ಟರು ಗಾಳಿಯಲ್ಲಿ ಹೊಲಿದ ಹೊಲಿಗೆಯನ್ನು ಸೇರಿಸಿದರೆ ಇಡೀ ಸೈನ್ಯಕ್ಕೆ ಸಮವಸ್ತ್ರವಾಗುತ್ತಿತ್ತು.

ಅವರು ಕಾಯುತ್ತಿದ್ದುದು ಉಪದೇಶಕ್ಕೆ. ಬದುಕು ಅಮೂಲ್ಯ, ಅಪ್ಪ ಅಮ್ಮ ನೊಂದಿದ್ದಾರೆ, ನಿನ್ನ ಓರಗೆಯವರನ್ನು ನೋಡು, ಇಂಥದೇನಾದರೂ. ಒಂದೂ ಬರಲಿಲ್ಲ. ಮೇಡಂ ಕೇಳುತ್ತಿದ್ದುದು ಒಳಗಿರುವುದರಲ್ಲಿ ಏನು ಚೆನ್ನಾಗಿದೆ ಎಂದು. ಚೆನ್ನಾಗಿದೆಯಂತೆ! ಮಾಸ್ಟರ ಕಾಲು ಸಿಟ್ಟಿಗೆ ಪೆಡಲನ್ನು ಎರಡರಷ್ಟು ವೇಗದಲ್ಲಿ ತುಳಿಯಿತು. ಆದರೆ ಮಗಳು ಉತ್ತರ ಕೊಟ್ಟಳು. ಒಳಗೆ ಯಾರೂ ತನ್ನನ್ನು ನೋಡುವುದಿಲ್ಲ, ನೋಡಿ ಏನೋ ಅಂದುಕೊಳ್ಳುವುದಿಲ್ಲ, ಮೈ ಹಗುರವಾಗಿರುತ್ತದೆ. ಆಮೇಲೆ, ಕೇಳದೆಯೇ, ಇನ್ನೊಂದು ಮಾತು: "ಎಲ್ಲಾ ಹೊತ್ತೂ ಹಗುರ ಇರಲ್ಲ."

ಮಗಳ ದನಿ ತುಕ್ಕು ಹಿಡಿದಿತ್ತು, ಬಹಳ ದಿನ ಬಳಸದ ಕತ್ತರಿಯಂತೆ. ಮಾಸ್ಟರು ಆ ದನಿಯನ್ನು ಇಷ್ಟು ಉದ್ದಕ್ಕೆ ಕೇಳಿ ವರ್ಷಗಳಾಗಿದ್ದವು. ಕ್ಯಾಲೆಂಡರಿಗೆ ಹಣೆ ಒತ್ತಿ ಕೂತರು. ತುಳಿಯುವುದನ್ನು ಮರೆತರು.

ಇನ್ನೊಂದು ವಾರ ಮೇಡಂ ಕೇಳಿದರು: "ಹೊರಗೆ ಬರಬೇಕು ಅನ್ನೋ ಆಸೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಬಹುದಾ?"

ಒಳಗಿನಿಂದ ಬಂದದ್ದು, "ಎರಡು."

ಅಯ್ಯೋ, ಫೇಲು ಎಂದುಕೊಂಡರು ಮಾಸ್ಟರು.

"ಎರಡಿದೆ" ಎಂದರು ಮೇಡಂ, ಯಾರೋ ಕೈಗೆ ಮಗು ಕೊಟ್ಟಷ್ಟು ಜೋಪಾನದ ದನಿಯಲ್ಲಿ. "ಸೊನ್ನೆ ಯಾಕಲ್ಲ?"

ಎರಡು ಯಾಕೆ ಹತ್ತಲ್ಲ ಎಂದು ಕೇಳಿದ್ದರೆ ಮಗಳು ಹೊರಗೆ ಬಾರದಿರುವುದಕ್ಕೆ ಸಾವಿರ ಕಾರಣ ಹೇಳುತ್ತಿದ್ದಳು. ಸೊನ್ನೆ ಯಾಕಲ್ಲ ಎಂದು ಕೇಳಿದ್ದರಿಂದ ಬರುವ ಕಾರಣವನ್ನು ಹುಡುಕಬೇಕಾಯಿತು. ಹುಡುಕಿದಳು. ಮೆಷಿನ್ ಸದ್ದು ಕೇಳಿದಾಗೆಲ್ಲ ಅಪ್ಪನ ಪಕ್ಕ ಕೂತು ಕಾಜಾ ಹಾಕುತ್ತಿದ್ದುದು ನೆನಪಾಗುತ್ತದೆ, ಕೈ ತುರಿಸುತ್ತದೆ ಎಂದಳು. ಆಮೇಲೆ ಹೇಳಿದಳು:

"ಆದ್ರೆ ನಾನು ಹೊರಗೆ ಬಂದ್ರೆ ಅಪ್ಪ ಸುಳ್ಳುಗಾರ ಆಗ್ಬಿಡ್ತಾರೆ."

"ಅಪ್ಪ ಸುಳ್ಳುಗಾರ ಆಗ್ತಾರೆ" ಎಂದರು ಮೇಡಂ.

"ನಾನು ಹಡಗಲ್ಲಿದೀನಿ" ಎಂದಳು ಮಗಳು. "ನಿಮಗೆ ಗೊತ್ತಿಲ್ವಾ? ಇಡೀ ಬೀದಿಗೆ ಗೊತ್ತು. ಇದು ಬರೀ ಹಲಗೆ. ನನಗೆ ಎಲ್ಲಾ ಕೇಳಿಸುತ್ತೆ. ತಿಮಿಂಗಿಲಾನೂ ಕೇಳಿಸ್ತು."

ಮಾಸ್ಟರಿಗೆ ಕೂತ ಸ್ಟೂಲೇ ಕುಸಿದಂತಾಯಿತು. ಈಚೆಗೆ ಬರುವ ಮಾತು ಆಚೆಗೂ ಹೋಗುತ್ತದೆ ಎನ್ನುವುದು ಇಷ್ಟು ವರ್ಷ ಅವರಿಗೆ ಹೊಳೆದೇ ಇರಲಿಲ್ಲವೆಂದಲ್ಲ. ಹೊಳೆಯಲು ಬಿಟ್ಟಿರಲಿಲ್ಲ.

ಹೋಗುವಾಗ ಮೇಡಂ ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದರು. ಮಾಸ್ಟರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ನನಗೆ ಏನೂ ಕೇಳಿಸಲಿಲ್ಲ" ಎಂದರು, ಯಾರೂ ಕೇಳದಿದ್ದರೂ.

"ಏನು ಕೇಳಿಸಲಿಲ್ಲ?" ಎಂದರು ಮೇಡಂ.

"ಸುಳ್ಳುಗಾರ ಅಂದಿದ್ದು."

ಹೆಂಡತಿ ಮುಖ ತಿರುಗಿಸಿಕೊಂಡಳು. ಮೇಡಂ ಲೋಟ ಕೆಳಗಿಟ್ಟರು. "ಅವಳು ಹೇಳಿದ್ದನ್ನ ನಾನು ನಿಮಗೆ ಹೇಳೋ ಹಾಗಿಲ್ಲ. ನೀವೇ ಕೇಳಿಸ್ಕೊಂಡಿದ್ರೆ, ಅದರಲ್ಲಿ ಇನ್ಯಾವ ಮಾತು ಕಿವಿಗೆ ಬಿತ್ತು?"

ಮಾಸ್ಟರು ಯೋಚಿಸಿದರು. "ಬಂದ್ರೆ" ಎಂದರು ನಿಧಾನಕ್ಕೆ. "ಇಷ್ಟು ದಿನ 'ಬರಲ್ಲ' ಅಂತಿದ್ಲು. ಇವತ್ತು 'ಬಂದ್ರೆ' ಅಂದ್ಲು."

ಮೇಡಂ ತಲೆಯಾಡಿಸಿದರು, ಚೀಲ ಹೆಗಲಿಗೆ ಹಾಕಿಕೊಂಡರು. ಏನು ಮಾಡಬೇಕೆಂದು ಹೇಳಲಿಲ್ಲ. ಮಾಸ್ಟರೇ ಬಾಗಿಲ ತನಕ ಹೋಗಿ, "ಈಗ ನಾನೇನು ಮಾಡ್ಲಿ?" ಎಂದು ಕೇಳಿದರು. "ನಿಮಗೇನು ಅನ್ಸುತ್ತೆ?" ಎಂದರು ಆ ಮಹಾತಾಯಿ.

ಮಾಸ್ಟರಿಗೆ ಅನ್ನಿಸಿದ್ದು ಜಗತ್ತಿನಲ್ಲಿ ಇನ್ನೊಬ್ಬನಿಗೆ ಅನ್ನಿಸಲು ಸಾಧ್ಯವೇ ಇರಲಿಲ್ಲ. ಸುಳ್ಳನ್ನು ಬಿಚ್ಚಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅವರು ದರ್ಜಿ, ಬಿಗಿಯಾದದ್ದನ್ನು ಬಿಚ್ಚುವ ಮೊದಲು ಒಂದು ತುಂಡು ಸೇರಿಸಿ ಸಡಿಲ ಮಾಡಬಹುದೇ ಎಂದು ನೋಡುವ ಜಾತಿ. ಮಗಳು ಹೊರಗೆ ಬರಬೇಕು, ಅಪ್ಪ ಸುಳ್ಳುಗಾರನಾಗಬಾರದು. ಸರಿ, ಹಡಗನ್ನೇ ದಡಕ್ಕೆ ತಂದುಬಿಟ್ಟರಾಯಿತು!

ಮರುದಿನ ಬೆಂಚು ತುಂಬುವುದನ್ನೇ ಕಾದು, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, ಘೋಷಿಸಿದರು: "ಮಗಳ ಹಡಗು ಬರ್ತಾ ಇದೆ. ರಜಾ ಕೊಟ್ಟಿದ್ದಾರೆ. ಕ್ಯಾಪ್ಟನ್ನು ಕಣ್ಣೀರು ಹಾಕ್ದನಂತೆ, ನೀನಿಲ್ದೇ ದಿಕ್ಕು ಹೇಗೆ ಗೊತ್ತಾಗ್ಬೇಕು ಅಂತ."

ಬೆಂಚಿಗೆ ಹಬ್ಬ. ಯಾವತ್ತು? ಯಾವ ಬಂದರಿಗೆ? ಏನೇನು ತರುತ್ತಾಳೆ? ಬೇಕರಿಯವನು ತನ್ನ ತಮ್ಮನಿಗೂ ಹಡಗಿನಲ್ಲಿ ಕೆಲಸ ಕೊಡಿಸಬೇಕೆಂದ. ಮಾಸ್ಟರು ಎಲ್ಲರಿಗೂ ಆಗಲಿ ಎಂದರು. ಹಲಗೆಯ ಕಡೆಗೆ ಮುಖ ಮಾಡಿ, ಬೇಕೆಂದೇ ಒಂದು ಸ್ವರ ಏರಿಸಿ ಹೇಳುತ್ತಿದ್ದರು. ಕೇಳಿಸ್ತಾ ಪುಟ್ಟಿ? ಬಾಗಿಲು ತೆರೆದಿಟ್ಟಿದ್ದೀನಿ, ಜಂಬದಿಂದ ನಡೆದು ಬಾ. ಅವರ ಮನಸ್ಸಿನಲ್ಲಿದ್ದುದು ಇಷ್ಟೇ, ನಿಜಕ್ಕೂ ಇಷ್ಟೇ.

ಆ ವಾರ ಮೇಡಂ ಸ್ಟೂಲ್ ಮೇಲೆ ಕೂತ ಕೂಡಲೇ, ನಂಬರ್ ಕೇಳುವ ಮೊದಲೇ, ಮಗಳೇ ಹೇಳಿದಳು: "ಇವತ್ತು ಸೊನ್ನೆ."

"ಎರಡಿದ್ದದ್ದು ಸೊನ್ನೆ ಆಗೋವಷ್ಟು ಏನೋ ಆಗಿದೆ."

"ಹಡಗು ಬರ್ತಿದೆ" ಎಂದಳು. ದನಿಯಲ್ಲಿ ಅಳು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಸಮುದ್ರದಿಂದ ಇಳಿದು ಬಂದವಳ ಹಾಗೆ ನಾನು ಹೇಗೆ ಹೋಗಿ ನಿಂತ್ಕೊಳ್ಳಲಿ? ಬಿಸಿಲು ಕಾಣದೆ ನನ್ನ ಕೈ ಹೇಗಾಗಿದೆ ಗೊತ್ತಾ? ಕಾಗದದ ಹಾಗಿದೆ. ಮೆಟ್ಟಿಲು ಹತ್ತಿದ್ರೆ ಕಾಲು ನಡುಗುತ್ತೆ. ಎಲ್ಲರೂ ಬಂದು ತಿಮಿಂಗಿಲದ ಕಥೆ ಕೇಳ್ತಾರೆ. ಅಪ್ಪನಿಗೆ ಬೇಕಾಗಿರೋದು ಆ ಮಗಳು. ನಾನಲ್ಲ."

ಮಾಸ್ಟರು ತುಳಿಯುತ್ತಿದ್ದ ಪೆಡಲು ನಿಂತಿತು.

ಮೇಡಂ ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ಹೆಂಡತಿ ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತಳು. "ರೀ, ಅವತ್ತು ಕೋಟು ಹೊಲಿದ್ರಿ. ಇವತ್ತು ಹಡಗು ಹೊಲಿದ್ರಿ. ಎರಡೂ ಅವಳ ಅಳತೇದಲ್ಲ" ಎಂದಳು, ಒಳಗೆ ಹೋದಳು. ಜಗಳಕ್ಕೆಂದು ಬಾಯಿ ತೆರೆದ ಮಾಸ್ಟರಿಗೆ ಒಂದು ಮಾತೂ ಸಿಗಲಿಲ್ಲ. ಹೀಗಾದದ್ದು ಅವರ ಜೀವಮಾನದಲ್ಲಿ ಅದೇ ಮೊದಲು, ಇದರಲ್ಲಿ ಒಂದು ಎಳೆಯಷ್ಟೂ ಉತ್ಪ್ರೇಕ್ಷೆ ಇಲ್ಲ.

ಮರುದಿನ ಬೆಳಗ್ಗೆ ತಟ್ಟೆ ಮುಟ್ಟದೆ ಹಾಗೇ ಇತ್ತು.

ಬೆಂಚು ಮಾತ್ರ ಎಂದಿನಂತೆ ತುಂಬಿತು. ಬೇಕರಿಯವನು ಬಂದ, ಬಿಳಿ ಪ್ಯಾಂಟಿನವರು ಬಂದರು. ಹಿತ್ತಿಲಾಚೆ ಮನೆಯ ಅಜ್ಜಿ ಕಿಟಕಿಯ ಪರದೆಯನ್ನು ಕಂಕುಳಲ್ಲಿ ಸುತ್ತಿಕೊಂಡು, ಅಂಚು ಹೊಲಿಸಲು ಬಂದಳು. ಮೊದಲ ಪ್ರಶ್ನೆ ಬೇಕರಿಯವನದು. "ಹಡಗು ಎಲ್ಲಿಗೆ ಬಂತು ಮಾಸ್ಟರೇ? ನಾವೆಲ್ಲಾ ಬಂದರಿಗೇ ಹೋಗಿ ಕರ್ಕೊಂಡು ಬರೋಣ ಅಂತಿದೀವಿ. ವ್ಯಾನ್ ನಂದೇ ಇದೆ."

"ಅಲ್ಲಿಗೆ ವ್ಯಾನ್ ಬರಲ್ಲಪ್ಪ" ಎಂದರು ಮಾಸ್ಟರು. ಬಾಯಿ ತಾನಾಗಿ ಶುರುಹಚ್ಚಿಕೊಂಡಿತ್ತು. "ಮಂಜುಗಡ್ಡೆ ಕಟ್ಟಿದೆ. ಉತ್ತರ ಧ್ರುವದಲ್ಲಿ..."

"ಹೋದ ತಿಂಗಳು ದಕ್ಷಿಣ ಅಂದಿದ್ರಿ!" ಬಿಳಿ ಪ್ಯಾಂಟಿನವರು ತೊಡೆ ತಟ್ಟಿ ನಕ್ಕರು. "ಸಿಕ್ಕಿಬಿದ್ರಲ್ಲ ಮಾಸ್ಟರೇ! ಧ್ರುವಾನೇ ತಿರುಗಿಸಿ ಹೊಲಿದಿದ್ದೀರಿ!"

ಬೆಂಚು ಗೊಳ್ಳೆಂದಿತು. ಬೇರೆ ದಿನವಾಗಿದ್ದರೆ ಮಾಸ್ಟರು ಭೂಮಿಯನ್ನೇ ತಲೆಕೆಳಗು ಮಾಡಿ ಎರಡೂ ಧ್ರುವ ಒಂದೇ ಎಂದು ಸಾಧಿಸಿಬಿಡುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಜ್ಜಿ ಮಾತ್ರ ನಗಲಿಲ್ಲ. ಪರದೆಯನ್ನು ಮೇಜಿನ ಮೇಲೆ ಹರಡಿ, ಸುಕ್ಕನ್ನು ಅಂಗೈಯಿಂದ ಸವರುತ್ತ ಕೇಳಿದಳು: "ಮಗಳು ಹೇಗಿದ್ದಾಳಪ್ಪ?"

"ಅದೇ ಅಜ್ಜಿ, ಹಡಗು..."

"ಹಡಗು ಬಿಟ್ಟಿದ್ದು ಸಾಕು. ನಾನು ನಿಮ್ಮ ಹಿತ್ತಿಲಾಚೆ ಮನೆಯವಳು ಕಣಯ್ಯ. ಆ ಕೋಣೆಯ ದೀಪ ನನ್ನ ಕಿಟಕಿಗೆ ಕಾಣಿಸುತ್ತೆ. ಎಲ್ಲಿದ್ದಾಳೆ ಅಂತ ಕೇಳ್ಲಿಲ್ಲ ನಾನು. ಹೇಗಿದ್ದಾಳೆ ಅಂದೆ."

ಬೆಂಚಿನ ನಗು ಒಂದೊಂದಾಗಿ ಆರಿತು. ಮಾಸ್ಟರು ಸೀಮೆಸುಣ್ಣ ಕೈಗೆತ್ತಿಕೊಂಡರು, ಪರದೆಯ ಅಂಚಿಗೆ ಗೆರೆ ಎಳೆಯಲು ಬಾಗಿದರು, ಎಳೆಯಲಿಲ್ಲ. ಹಲಗೆಯ ಆಚೆ ಮಂಚ ಕಿರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತೋ, ಅವರೊಬ್ಬರಿಗೇ ಕೇಳಿಸಿತೋ.

"ಗೊತ್ತಿಲ್ಲ ಅಜ್ಜಿ" ಎಂದರು. ದನಿ ಏರಿಸಲಿಲ್ಲ. ಏರಿಸಬೇಕಾಗಿರಲಿಲ್ಲ, ಅದು ಬರೀ ಹಲಗೆ. "ಹೇಗಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಇಲ್ಲೇ ಇದ್ದಾಳೆ, ಈ ಗೋಡೆ ಹಿಂದೆ. ನಾಲ್ಕು ವರ್ಷದಿಂದ ಕೋಣೆ ಬಿಟ್ಟು ಬಂದಿಲ್ಲ. ಅವಳು ಸುಳ್ಳು ಹೇಳಿಲ್ಲ, ಹೇಳಿದ್ದೆಲ್ಲಾ ನಾನು. ನನಗೆ ನಾಚಿಕೆ ಆಗ್ತಿತ್ತು. ಅವಳ ಬಗ್ಗೆ ನಾಚಿಕೆ ಅಂದ್ಕೊಂಡಿದ್ದೆ. ಅಲ್ಲ. ನನ್ನ ಮಗಳ ಕಷ್ಟ ನನ್ನ ಕೈಲಿ ನೆಟ್ಟಗೆ ಮಾಡೋಕಾಗಲಿಲ್ಲವಲ್ಲ, ಆ ನಾಚಿಕೆ."

ಬೇಕರಿಯವನು ಏನೋ ಹೇಳಲು ಹೋಗಿ, ಬಿಳಿ ಪ್ಯಾಂಟಿನವರು ಮೊಣಕೈ ತಿವಿದದ್ದಕ್ಕೆ ಸುಮ್ಮನಾದ.

"ಹಡಗೂ ಇಲ್ಲ, ತಿಮಿಂಗಿಲಾನೂ ಇಲ್ಲ" ಎಂದರು ಮಾಸ್ಟರು. "ಅವಳು ಸಮುದ್ರ ನೋಡೇ ಇಲ್ಲ. ಅವಳಿಗೆ ಬರೋದು ಕಾಜಾ ಹಾಕೋದು. ಅದೂ ನನ್ನಷ್ಟು ಚೆನ್ನಾಗಿ ಅಲ್ಲ..."

ನಿಲ್ಲಿಸಿದರು. ಸೀಮೆಸುಣ್ಣ ಕೆಳಗಿಟ್ಟು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಅದೂ ಸುಳ್ಳು. ನನಗಿಂತ ಚೆನ್ನಾಗಿ ಹಾಕ್ತಾಳೆ."